ರಜೆಯಲ್ಲಿ ಹಳ್ಳಿಯಲ್ಲೇ ಉಳಿದೆ: ಯೂಪಿಕ್ ಶಾಲೆಯೊಂದರಲ್ಲಿ ನನ್ನ ಅನುಭವ

ವಿನಿಮಯ ಶಿಕ್ಷಕರಿಗೆ ಕೊಡುವ ಜೆ-1 ವೀಸಾದ ಮೇಲೆ ಅಮೆರಿಕದ ಅಲಾಸ್ಕಕ್ಕೆ ಬಂದು, ಕಸ್ಕೊಕ್ವಿಮ್ ನದಿಯ ಕೆಳದಂಡೆಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಯೂಪಿಕ್ ಜನರ ಹಳ್ಳಿಯೊಂದರಲ್ಲಿ ಗಣಿತ ಕಲಿಸಲು ತೊಡಗಿ ನನಗಿದು ನಾಲ್ಕನೆಯ ವರ್ಷ. ನಾನು ಬಂದ ಆಗಸ್ಟ್‌ನಲ್ಲೇ ಸೇರಿದ ಹೊಸಬರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಮೊದಲ ಬೇಸಿಗೆ ರಜೆಗೆ ಊರಿಗೆ ಹೋಗದೆ ಹಳ್ಳಿಯಲ್ಲೇ ಇರುತ್ತೇನೆ ಎಂದಾಗ ಹಳೆಯ ಸಹೋದ್ಯೋಗಿಗಳು ಯಾರೂ ಒಪ್ಪಲಿಲ್ಲ. ಚಳಿಗಾಲದ ಅಷ್ಟು ಉದ್ದದ ಕತ್ತಲೆಯನ್ನು ಕಳೆದವನು ಮೇ ತಿಂಗಳಲ್ಲಿ ಹೊರಗೆ ಹೋಗಿ ಬರದಿದ್ದರೆ ಮರುವರ್ಷ ನಿಲ್ಲಲಾರ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ನನ್ನ ವಿಷಯದಲ್ಲಿ ನಡೆದದ್ದು ಅದಕ್ಕೆ ತದ್ವಿರುದ್ಧ.

ಮೊದಲ ವರ್ಷದ ನಷ್ಟಗಳಿಂದ ಆರಂಭಿಸುತ್ತೇನೆ. ಈ ಭಾಗದ ಮುಖ್ಯ ಪಟ್ಟಣವಾದ ಬೆಥೆಲ್‌ವರೆಗೆ ಜೆಟ್ ವಿಮಾನ, ಅಲ್ಲಿಂದ ಮುಂದೆ ಸಣ್ಣ ವಿಮಾನ ಅಥವಾ ದೋಣಿ, ರಸ್ತೆ ಎಂಬುದಿಲ್ಲ ಎನ್ನುವುದು ಇಲ್ಲಿಗೆ ಬರುವ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಅಕ್ಟೋಬರ್ ಕೊನೆಯಲ್ಲಿ ನದಿ ಹೆಪ್ಪುಗಟ್ಟುತ್ತಿರುವಾಗ ದೋಣಿಯೂ ಇಲ್ಲ, ಹಿಮದ ಮೇಲೆ ಓಡುವ ಸ್ನೋಮಶೀನೂ ಇಲ್ಲ, ಮಂಜು ಮುಸುಕಿದರೆ ವಿಮಾನವೂ ಇಲ್ಲ ಎಂಬ ವಾರಗಳು ಬರುತ್ತವೆ. ಅಲಾಸ್ಕದ ದೊಡ್ಡ ನಗರ ಆಂಕರೇಜ್‌ನಿಂದ ತರಿಸಿದ ನನ್ನ ಆಲೂಗಡ್ಡೆ, ಈರುಳ್ಳಿ, ಸೇಬುಗಳೆಲ್ಲ ಅಂಥದೊಂದು ವಾರದಲ್ಲಿ ದಾರಿಯಲ್ಲೇ ಹೆಪ್ಪುಗಟ್ಟಿ ಹಾಳಾದವು. ಸಾಗಾಟವೂ ಸೇರಿ ಮುನ್ನೂರು ಡಾಲರಿನಷ್ಟು ಹೋಯಿತು. ಆಮೇಲೆ ಹಸಿ ತರಕಾರಿಯ ಆಸೆಯನ್ನು ಬಿಟ್ಟು, ಅಂಚೆ ಇಲಾಖೆಯ ದೊಡ್ಡ ಫ್ಲಾಟ್ ರೇಟ್ ಪೆಟ್ಟಿಗೆಗಳಲ್ಲಿ ಬೇಳೆಕಾಳುಗಳನ್ನು ತರಿಸಲು ಆರಂಭಿಸಿದೆ. ತೂಕ ಎಪ್ಪತ್ತು ಪೌಂಡ್ ಮೀರದಿದ್ದರೆ ದರ ಒಂದೇ ಆದ್ದರಿಂದ ಅವಲಕ್ಕಿಯಂಥ ಹಗುರ ವಸ್ತುಗಳನ್ನು ಅದರಲ್ಲಿ ತುಂಬುವುದು ದಂಡ. ತೊಗರಿಬೇಳೆಯಾದರೆ ಒಂದು ಪೆಟ್ಟಿಗೆಗೆ ಸುಮಾರು ಇಪ್ಪತ್ತೈದು ಪೌಂಡ್ ಹಿಡಿಯುತ್ತದೆ.

ತರಗತಿಯಲ್ಲಾದ ನಷ್ಟ ಇದಕ್ಕಿಂತ ದೊಡ್ಡದು. ಪ್ರಶ್ನೆ ಕೇಳಿ ಎರಡು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮತ್ತೊಬ್ಬರನ್ನು ಕೇಳುವ ನನ್ನ ಪದ್ಧತಿ ಇಲ್ಲಿ ನಡೆಯಲಿಲ್ಲ. ಮಕ್ಕಳು ಹುಬ್ಬೇರಿಸಿ ಹೌದೆಂದೂ ಮೂಗು ಸುಕ್ಕಿಸಿ ಇಲ್ಲವೆಂದೂ ಹೇಳುತ್ತಿದ್ದರೆ ನಾನು ಬಾಯಿಂದ ಬರುವ ಉತ್ತರಕ್ಕಾಗಿ ಕಾದಿರುತ್ತಿದ್ದೆ. ಸೆಪ್ಟೆಂಬರ್‌ನಲ್ಲಿ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಯ ದಿನಗಳಲ್ಲಿ ದೊಡ್ಡ ಹುಡುಗರು ತರಗತಿಗೆ ಬರುತ್ತಿರಲಿಲ್ಲ, ಬಂದವರು ನನ್ನನ್ನು ನಂಬುತ್ತಿರಲಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಬಂದು ಮೇ ತಿಂಗಳಲ್ಲಿ ವಿಮಾನ ಹತ್ತುವ ಶಿಕ್ಷಕರನ್ನು ಹುಟ್ಟಿದಾಗಿನಿಂದ ನೋಡುತ್ತಿರುವ ಮಕ್ಕಳು ಅವರು. ನಂಬಲು ಅವರಿಗೆ ಕಾರಣವಾದರೂ ಏನಿತ್ತು?

ಆದ್ದರಿಂದ ಆ ಬೇಸಿಗೆ ಉಳಿದೆ. ಊರಿಗೆ ಹೋಗಿ ಬರುವ ಎರಡೂವರೆ ಸಾವಿರ ಡಾಲರಿನಷ್ಟು ವಿಮಾನದ ಖರ್ಚು ಉಳಿಯಿತು. ಆದರೆ ಶಿಕ್ಷಕರ ವಸತಿಯ ಬಾಡಿಗೆ, ಒಲೆಯ ಎಣ್ಣೆ, ಒಂದು ಜೊತೆ ಉದ್ದನೆಯ ರಬ್ಬರ್ ಬೂಟು ಎಂದು ಅದರ ಅರ್ಧಕ್ಕಿಂತ ಹೆಚ್ಚು ಕರಗಿತು. ನೆರೆಮನೆಯ ಅಜ್ಜಿಯ ಕುಟುಂಬ ಜೂನ್‌ನಲ್ಲಿ ಮೀನಿನ ಬಿಡಾರಕ್ಕೆ ಹೊರಟಾಗ, ಕೆಲಸಕ್ಕೆ ಕೈ ಬೇಕಾದರೆ ಬರುತ್ತೇನೆ ಎಂದೆ. ದೊಡ್ಡ ಸಾಮನ್ ಮೀನುಗಳ ಸಂಖ್ಯೆ ಕುಸಿದಿರುವುದರಿಂದ ಬಲೆ ಬಿಡಲು ಸಿಗುವುದು ಅಧಿಕಾರಿಗಳು ಘೋಷಿಸಿದ ಕೆಲವೇ ಗಂಟೆಗಳು. ಆ ಗಂಟೆಗಳಲ್ಲಿ ಹಳ್ಳಿಗೆ ಹಳ್ಳಿಯೇ ನದಿಯ ಮೇಲಿರುತ್ತದೆ. ಬಲೆಯನ್ನು ನಾನು ಮುಟ್ಟಲಿಲ್ಲ. ನೀರು ಹೊರುವುದು, ಅಜ್ಜಿ ಅರ್ಧಚಂದ್ರಾಕಾರದ ಕತ್ತಿಯಿಂದ ಸೀಳಿಕೊಟ್ಟ ಮೀನನ್ನು ಗಳುಗಳ ಮೇಲೆ ತೂಗುಹಾಕುವುದು, ಹೊಗೆಮನೆಯಲ್ಲಿ ಕಾಟನ್‌ವುಡ್ ಕಟ್ಟಿಗೆ ಉರಿಯದೆ ಹೊಗೆಯಾಡುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸಗಳಾಗಿದ್ದವು. ಹೊನ್ನಾವರದ ಕಡೆಯವನಾದ ನನಗೆ ಒಣಮೀನು ಹೊಸದಲ್ಲ, ಆದರೆ ಮಳೆಗಾಳಿಯ ನಡುವೆ ಅದನ್ನು ಒಣಗಿಸುವ ಕ್ರಮ ಪೂರ್ತಿ ಹೊಸದು.

ಅಲ್ಲಿ ಮೀನು ಒಣಗಿಸುವ ಚಪ್ಪರವೊಂದನ್ನು ಹೊಸದಾಗಿ ಕಟ್ಟುವಾಗ ಹಿರಿಯರೊಬ್ಬರು ನಾಲ್ಕು ಗೂಟ ನೆಟ್ಟು, ಎದುರು ಬದಿಗಳನ್ನು ದಾರದಿಂದ ಸರಿಗಟ್ಟಿ, ಆಮೇಲೆ ಅದೇ ದಾರವನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಹಿಡಿದು ನೋಡಿದರು. ಎರಡೂ ಸಮನಾಗುವವರೆಗೆ ಗೂಟಗಳನ್ನು ಸರಿಸಿದರು. ಅಳತೆಗೆ ಬಳಸಿದ್ದು ಗೇಣು, ಮೊಳ, ಮಾರುಗಳನ್ನೇ. ಹಿಂದೆ ಕಯಾಕ್ ದೋಣಿಯನ್ನೂ ಅದನ್ನು ನಡೆಸುವವನ ಮೈಯಳತೆಗೆ ತಕ್ಕಂತೆಯೇ ಕಟ್ಟುತ್ತಿದ್ದರು. ಯೂಪಿಕ್ ಹಿರಿಯರೊಂದಿಗೆ ಕುಳಿತು ಅಲಾಸ್ಕ ಫೇರ್‌ಬ್ಯಾಂಕ್ಸ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ಪಾಠಗಳಲ್ಲಿ ಇಂಥದನ್ನು ನಾನು ಓದಿದ್ದೆ. ಆದರೆ ಓದಿಕೊಂಡು ಕಲಿಸುವುದಕ್ಕೂ ಗೂಟ ಹಿಡಿದು ನಿಂತವನು ಕಲಿಸುವುದಕ್ಕೂ ಇರುವ ಅಂತರವನ್ನು ಮಕ್ಕಳು ತಕ್ಷಣ ಗುರುತಿಸುತ್ತಾರೆ.

ಆ ಸೆಪ್ಟೆಂಬರ್‌ನಲ್ಲಿ ಪಾಠಗಳ ವೇಳಾಸೂಚಿಯನ್ನು ಪಕ್ಕಕ್ಕಿಟ್ಟು, ಬೀಜಗಣಿತವನ್ನು ಚಳಿಗಾಲಕ್ಕೆ ತಳ್ಳಿ, ರೇಖಾಗಣಿತವನ್ನು ಮುಂದಕ್ಕೆ ತಂದು, ಆ ಹಿರಿಯರನ್ನೇ ಶಾಲೆಯ ಹಿಂದಿನ ಬಯಲಿಗೆ ಕರೆಸಿದೆ. ಅವರ ಗೌರವಧನ ನೂರೋ ನೂರೈವತ್ತೋ ಡಾಲರ್, ನನ್ನ ಜೇಬಿನಿಂದ. ಕರ್ಣಗಳು ಸಮನಾಗದಿದ್ದರೆ ಆಯತ ವಾಲುತ್ತದೆ ಎಂಬುದನ್ನು ಮಕ್ಕಳು ದಾರದಲ್ಲೇ ಕಂಡುಕೊಂಡರು. ಒಂದೇ ಸುತ್ತಳತೆಯಲ್ಲಿ ಚೌಕಕ್ಕೇ ಹೆಚ್ಚು ವಿಸ್ತೀರ್ಣವಿರುವಾಗ ಚಪ್ಪರ ಉದ್ದಕ್ಕೆ ಏಕಿದೆ ಎಂದು ಕೇಳಿ ನಾನು ಸುಮ್ಮನೆ ನಿಂತೆ. ಬಹಳ ಹೊತ್ತಿನ ಮೇಲೆ, ಇಡೀ ವರ್ಷ ಮಾತಾಡದಿದ್ದ ಹುಡುಗಿಯೊಬ್ಬಳು, ಚೌಕವಾದರೆ ನಡುವಿನ ಮೀನಿಗೆ ಗಾಳಿ ತಾಗುವುದಿಲ್ಲ ಎಂದಳು. ಹಿಂದಿನ ವರ್ಷ ಹದಿನೈದರಷ್ಟು ಮಕ್ಕಳಲ್ಲಿ ಅರ್ಧದಷ್ಟು ಮಂದಿಯೂ ಒಪ್ಪಿಸದಿದ್ದ ಆ ಘಟಕದ ಕೆಲಸವನ್ನು ಈ ಬಾರಿ ಒಬ್ಬಿಬ್ಬರ ಹೊರತು ಎಲ್ಲರೂ ಮುಗಿಸಿದರು. ಪಾಠದ ವೇಗ ತಪ್ಪುತ್ತದೆ ಎಂದು ಎಚ್ಚರಿಸಿದ್ದ ಸಹೋದ್ಯೋಗಿಯೇ ಈಗ ನನ್ನ ದಾರ, ಗೂಟಗಳನ್ನು ಎರವಲು ಕೇಳುತ್ತಾರೆ.

ಇದರ ನಡುವೆ ದೋಸೆಹಿಟ್ಟನ್ನೂ ಹುದುಗಿಸಲು ಪ್ರಯತ್ನಿಸಿದೆ. ಅಡುಗೆಮನೆಯಲ್ಲಿ ಎರಡು ದಿನವಿಟ್ಟರೂ ಏಳದ ಹಿಟ್ಟು ಬಾಯ್ಲರ್ ಇರುವ ಗೂಡಿನಲ್ಲಿ ಒಂದು ರಾತ್ರಿಗೇ ಉಕ್ಕುತ್ತದೆ. ಪಾತ್ರೆಯನ್ನು ಎಲ್ಲಿ, ಯಾವ ಎತ್ತರದಲ್ಲಿ ಇಡಬೇಕೆಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ದೀಪದ ಕೆಳಗೆ ಬೆಳೆದ ಮೆಂತ್ಯ ಚೆನ್ನಾಗಿ ಬಂತು, ಕೊತ್ತಂಬರಿ ಬರಲಿಲ್ಲ. ಅಜ್ಜಿಗೆ ದೋಸೆ ಹಿಡಿಸಿತು, ಜೊತೆಗೆ ಕೊಟ್ಟ ಚಟ್ನಿಪುಡಿ ಹಿಡಿಸಲಿಲ್ಲ. ಅವರು ತೋರಿಸಿದ ಟಂಡ್ರಾ ಹಣ್ಣುಗಳ ಜಾಗವನ್ನು ಇಲ್ಲಿ ಬರೆಯಲಾರೆ. ಅದು ಆ ಕುಟುಂಬದ್ದು.

ಬರುವ ವರ್ಷಕ್ಕೆ ಇಲ್ಲಿನ ಶಾಲೆಗಳ ಕರಾರಿಗೆ ಸಹಿ ಹಾಕುತ್ತಿರುವ ಕನ್ನಡಿಗ ಶಿಕ್ಷಕ ಮಿತ್ರರು ಮೇ ತಿಂಗಳ ಮರುಪ್ರಯಾಣದ ಟಿಕೆಟನ್ನು ಆಗಸ್ಟ್‌ನಲ್ಲೇ ಕೊಳ್ಳದಿರಲಿ. ಆ ಹಣದಲ್ಲಿ ಆರುನೂರು ಡಾಲರನ್ನು ಬೇಸಿಗೆಯ ಬಾಡಿಗೆಗೆಂದು ಬೇರೆ ತೆಗೆದಿಟ್ಟು, ಮಾರ್ಚ್ ಹೊತ್ತಿಗೆ ನೆರೆಯವರ ಬಳಿ ಜೂನ್ ಕೆಲಸದ ಮಾತೆತ್ತಿದರೆ ಸಾಕು. ಬೂಟನ್ನು ಮಾತ್ರ ಆಂಕರೇಜ್‌ನಲ್ಲೇ, ಒಂದು ಅಳತೆ ದೊಡ್ಡದನ್ನು ಕೊಂಡು ಬರಬೇಕು.