ಬ್ಯಾಟರಿ ಗರಗಸದಿಂದ ಮರ ಉರುಳಿಸುವ ಮುನ್ನ

ಪೆಟ್ರೋಲ್ ಚೈನ್ ಸಾ, ಅಂದರೆ ಸರಪಳಿ ಗರಗಸವನ್ನು ಹಗ್ಗ ಎಳೆದೇ ಚಾಲೂ ಮಾಡಬೇಕು. ಅದು ಅಬ್ಬರಿಸುತ್ತದೆ, ಹೊಗೆ ಕಾರುತ್ತದೆ, ಹತ್ತಿರ ಬಂದವರನ್ನು ತನ್ನ ಸದ್ದಿನಿಂದಲೇ ದೂರ ನಿಲ್ಲಿಸುತ್ತದೆ. ಬ್ಯಾಟರಿಯಿಂದ ಓಡುವ ಚೈನ್ ಸಾದಲ್ಲಿ ಇದಾವುದೂ ಇಲ್ಲ. ಗುಂಡಿ ಒತ್ತಿದರೆ ಓಡುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಹೀಗಾಗಿಯೇ ಇದು ಪೆಟ್ರೋಲ್ ಯಂತ್ರಕ್ಕಿಂತ ಕಡಿಮೆ ಅಪಾಯದ್ದು ಎಂಬ ನಂಬಿಕೆ ಬೆಳೆದಿದೆ, ಮತ್ತು ಎಂದೂ ಗರಗಸ ಹಿಡಿಯದವರೂ ಅದೇ ನಂಬಿಕೆಯಲ್ಲಿ ನೇರವಾಗಿ ಮರದ ಬುಡಕ್ಕೆ ಹೋಗಿ ನಿಲ್ಲುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಲವು ಬ್ಯಾಟರಿ ಮಾದರಿಗಳಲ್ಲಿ ಚೈನು ಸೆಕೆಂಡಿಗೆ 20 ಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತದೆ. ಆ ವೇಗದಲ್ಲಿ ಮೈಗೆ ತಾಗುವ ಹಲ್ಲಿಗೆ ಅದನ್ನು ಓಡಿಸುತ್ತಿರುವುದು ಎಂಜಿನ್ನೋ ಮೋಟಾರೋ ಎಂಬ ವ್ಯತ್ಯಾಸವಿಲ್ಲ.

ಮೊದಲು ಕೊಳ್ಳುವ ಮಾತು. ಒಂದೇ ಕೈಯಲ್ಲಿ ಹಿಡಿಯುವ ಪುಟ್ಟ ಗರಗಸಗಳು ಈಗ ಎಲ್ಲೆಡೆ ಸಿಗುತ್ತವೆ. ಅವು ಬೆರಳುಗಾತ್ರದ ರೆಂಬೆ ಸವರಲು ಮಾತ್ರ ಸಾಕು, ಮರ ಉರುಳಿಸಲು ಅವನ್ನು ಬಳಸಲೇಬಾರದು. ಮುಂದಿನ ಹಿಡಿಕೆಯ ಎದುರು ಇರುವ ಕೈತಡೆಯನ್ನು ಮುಂದಕ್ಕೆ ತಳ್ಳಿದಾಗ ಚೈನು ತಕ್ಷಣ ನಿಲ್ಲಬೇಕು. ಇದೇ ಚೈನ್ ಬ್ರೇಕ್. ಅಗ್ಗದ ಕೆಲವು ಯಂತ್ರಗಳಲ್ಲಿ ಆ ತಡೆ ನೋಡಲು ಮಾತ್ರ ಇರುತ್ತದೆ, ಅದರ ಹಿಂದೆ ಬ್ರೇಕೇ ಇರುವುದಿಲ್ಲ. ಅಂಥದ್ದನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಮನೆಗೆ ತರಬೇಡಿ. ಚೈನು ಸುತ್ತಿ ಓಡುವ ಉದ್ದನೆಯ ಪಟ್ಟಿಯೇ ಬಾರ್. ಬಾರ್‌ನ ಉದ್ದವು ಕಾಂಡದ ದಪ್ಪಕ್ಕಿಂತ ಐದು ಸೆಂಟಿಮೀಟರಾದರೂ ಹೆಚ್ಚಿರಬೇಕು. ಹೊಸಬರು 25 ಸೆಂಟಿಮೀಟರಿಗಿಂತ ದಪ್ಪದ ಮರವನ್ನು ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಉಡುಪಿನ ವಿಷಯದಲ್ಲಿ ರಿಯಾಯಿತಿ ಬೇಡ. ಮುಖಕ್ಕೆ ಜಾಲರಿಯಿರುವ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಗಟ್ಟಿ ಬೂಟು, ಕೈಗವಸು ಮತ್ತು ಗರಗಸ ತಡೆಯುವ ಪ್ಯಾಂಟ್ ಇವಿಷ್ಟೂ ಬೇಕು. ಈ ಪ್ಯಾಂಟಿನೊಳಗೆ ಉದ್ದನೆಯ ನಾರಿನ ಪದರಗಳಿರುತ್ತವೆ. ಚೈನು ತಾಗಿದಾಗ ಆ ನಾರುಗಳು ಎಳೆದುಕೊಂಡು ಬಂದು ಹಲ್ಲುಗಾಲಿಗೆ ಸುತ್ತಿಕೊಂಡು ಯಂತ್ರವನ್ನು ಕಟ್ಟಿಹಾಕುತ್ತವೆ. ಆದರೆ ಮೋಟಾರಿನ ಎಳೆತದ ಬಲ ವೇಗ ತಗ್ಗಿದಾಗಲೂ ಕುಗ್ಗದೆ ಇರುವುದರಿಂದ, ಬ್ಯಾಟರಿ ಗರಗಸವನ್ನು ಈ ನಾರುಗಳು ಪೆಟ್ರೋಲ್ ಯಂತ್ರದಷ್ಟು ಖಾತರಿಯಾಗಿ ನಿಲ್ಲಿಸುತ್ತವೆ ಎಂದು ನೆಚ್ಚಿಕೊಳ್ಳುವಂತಿಲ್ಲ. ತೊಡಲೇಬೇಕು, ತೊಟ್ಟಿದ್ದೇನೆಂದು ಕಾಲನ್ನು ಚೈನಿನ ದಾರಿಯಲ್ಲಿ ಇಡಬಾರದು.

ಯಂತ್ರವನ್ನು ಸಜ್ಜುಗೊಳಿಸುವಾಗ ಪಾಲಿಸಬೇಕಾದ ಮೊದಲ ನಿಯಮವೆಂದರೆ, ಚೈನನ್ನು ಮುಟ್ಟುವ ಮುನ್ನ ಬ್ಯಾಟರಿಯನ್ನು ಕಳಚಿ ಪಕ್ಕಕ್ಕಿಡುವುದು. ಸ್ವಿಚ್ಚು ಆಫ್ ಮಾಡಿದರೆ ಸಾಲದು. ಚೈನು ಬಾರ್‌ನ ತಳಕ್ಕೆ ಅಂಟಿಕೊಂಡಿರಬೇಕು, ಕೈಯಿಂದ ಎಳೆದರೆ ಸರಾಗವಾಗಿ ಓಡಬೇಕು, ಮೇಲಕ್ಕೆ ಎತ್ತಿದರೂ ಒಳಗಿನ ಕೊಂಡಿಗಳು ಬಾರ್‌ನ ಅಂಚಿನ ಜಾಡಿನಿಂದ ಪೂರ್ತಿ ಹೊರಬರಬಾರದು. ಹೊಸ ಚೈನು ಬೇಗ ಸಡಿಲವಾಗುತ್ತದೆ, ಆದ್ದರಿಂದ ಕೆಲವೇ ಕೊಯ್ತಗಳ ನಂತರ ಮತ್ತೊಮ್ಮೆ ಬಿಗಿ ನೋಡಿಕೊಳ್ಳಿ. ಇನ್ನು ಎಣ್ಣೆ. ಬ್ಯಾಟರಿ ಯಂತ್ರಕ್ಕೆ ಇಂಧನ ಬೇಡವಾದ್ದರಿಂದ ಎಣ್ಣೆಯೂ ಬೇಡವೆಂದುಕೊಂಡು ಒಣ ಬಾರ್‌ನಲ್ಲೇ ಕೊಯ್ಯುವವರಿದ್ದಾರೆ; ಬಾರ್ ನೀಲಿಗಟ್ಟುವಷ್ಟು ಕಾದು ಹಾಳಾಗುತ್ತದೆ. ತೊಟ್ಟಿಯಲ್ಲಿ ಚೈನ್ ಎಣ್ಣೆ ತುಂಬಿ, ಬಾರ್‌ನ ತುದಿಯನ್ನು ತಿಳಿ ಬಣ್ಣದ ರಟ್ಟಿನ ಮೇಲೆ ಹಿಡಿದು ಓಡಿಸಿದರೆ ಸಣ್ಣ ಎಣ್ಣೆ ಗೆರೆ ಮೂಡಬೇಕು. ಬಳಸಿ ಬಿಟ್ಟ ಎಂಜಿನ್ ಆಯಿಲ್ ಹಾಕುವ ಅಡ್ಡದಾರಿ ಬೇಡ. ಅದರಲ್ಲಿನ ಲೋಹದ ಪುಡಿ ಎಣ್ಣೆಯ ಪಂಪನ್ನು ಸವೆಸುತ್ತದೆ, ಮಣ್ಣನ್ನೂ ಕೆಡಿಸುತ್ತದೆ.

ಹಿಡಿತ ಮತ್ತು ಹಿಂದೊದೆತ

ಎಡಗೈ ಮುಂದಿನ ಹಿಡಿಕೆಯಲ್ಲಿ, ಹೆಬ್ಬೆರಳು ಹಿಡಿಕೆಯ ಕೆಳಗಿನಿಂದ ಸುತ್ತಿಬಂದು ಮುಚ್ಚಿಕೊಂಡಿರಬೇಕು; ಬಲಗೈ ಹಿಂದೆ, ಗುಂಡಿಯ ಮೇಲೆ. ಎಡಗೈಯವರಿಗೂ ಇದೇ ಕ್ರಮ, ಏಕೆಂದರೆ ಯಂತ್ರವನ್ನು ರೂಪಿಸಿರುವುದೇ ಹಾಗೆ. ಬಾರ್‌ನ ತುದಿಯ ಮೇಲಿನ ಕಾಲುಭಾಗ ಯಾವುದಕ್ಕಾದರೂ ತಾಗಿದರೆ ಓಡುವ ಚೈನು ಅಲ್ಲಿ ಕಚ್ಚಿಕೊಂಡು, ಇಡೀ ಬಾರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲೆದ್ದು ನಿಮ್ಮ ಮುಖದತ್ತ ತಿರುಗುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುತ್ತಾರೆ. ಸುತ್ತಿದ ಹೆಬ್ಬೆರಳಿಲ್ಲದಿದ್ದರೆ ಆ ಕ್ಷಣ ಎಡಗೈ ಹಿಡಿಕೆಯಿಂದ ಜಾರುತ್ತದೆ. ಆದ್ದರಿಂದ ತುದಿಯಿಂದ ಕೊಯ್ಯಬಾರದು, ಭುಜಕ್ಕಿಂತ ಎತ್ತರದಲ್ಲಿ ಕೊಯ್ಯಬಾರದು, ಏಣಿಯ ಮೇಲೆ ನಿಂತು ಕೊಯ್ಯಲೇಬಾರದು, ಮತ್ತು ತಲೆ ಯಾವಾಗಲೂ ಬಾರ್‌ನ ನೇರಕ್ಕೆ ಇರದೆ ಅದರ ಎಡಕ್ಕಿರಬೇಕು. ಬಾರ್‌ನ ತಳಭಾಗದಿಂದ ಕೊಯ್ದರೆ ಯಂತ್ರ ಮರದತ್ತ ಎಳೆಯುತ್ತದೆ; ಮೇಲ್ಭಾಗದಿಂದ ಕೊಯ್ದರೆ ನಿಮ್ಮತ್ತ ತಳ್ಳುತ್ತದೆ. ಈ ಎರಡನ್ನೂ ನೆಲದ ಮೇಲಿನ ಒಂದು ದಿಮ್ಮಿಯಲ್ಲಿ ಅಭ್ಯಾಸ ಮಾಡಿ ಕೈಗೆ ಪರಿಚಯವಾದ ಮೇಲೆಯೇ ನಿಂತ ಮರದ ಬಳಿ ಹೋಗಿ.

ಮರವನ್ನು ಓದುವುದು

ಎರಡು ದಿಕ್ಕಿನಿಂದ ಮರವನ್ನು ನೋಡಿ. ದಾರಕ್ಕೆ ತೂಕ ಕಟ್ಟಿ ಕಣ್ಣೆದುರು ಹಿಡಿದರೆ ಕಾಂಡ ಎತ್ತ ವಾಲಿದೆಯೆಂಬುದು ನಿಚ್ಚಳವಾಗಿ ಕಾಣುತ್ತದೆ. ಕೊಂಬೆಗಳ ಭಾರ ಯಾವ ಬದಿಗಿದೆ ಎಂಬುದನ್ನೂ ಗಮನಿಸಿ. ಸಾಧ್ಯವಾದಷ್ಟು ಮರ ತಾನಾಗಿ ವಾಲಿರುವತ್ತಲೇ ಬೀಳಿಸುವುದು ಕ್ಷೇಮ, ಆದರೆ ಒಂದೇ ಕಡೆಗೆ ಬಹಳ ವಾಲಿದ ಮರದ ಕಾಂಡ ಕೊಯ್ತದ ನಡುವೆಯೇ ಉದ್ದಕ್ಕೆ ಸೀಳಿ ಹಿಂದಕ್ಕೆ ಚಿಮ್ಮಬಹುದಾದ್ದರಿಂದ ಅದನ್ನು ಅನುಭವಿಗಳಿಗೆ ಬಿಡಬೇಕು. ಬುಡ ಕೊಳೆತ ಮರ, ವಿದ್ಯುತ್ ತಂತಿಯ ಸಮೀಪದ ಮರ, ಮೇಲೆ ಮುರಿದ ಒಣಕೊಂಬೆ ಸಿಕ್ಕಿಕೊಂಡಿರುವ ಮರ ಇವೂ ನಿಮ್ಮ ಕೆಲಸವಲ್ಲ. ಗಾಳಿ ಬೀಸುವ ದಿನ ಯಂತ್ರವನ್ನು ಹೊರತೆಗೆಯಬೇಡಿ. ಬೇರೆಯವರೆಲ್ಲ ಮರದ ಎತ್ತರದ ಎರಡರಷ್ಟು ದೂರ ಇರಬೇಕು. ಮರ ಬೀಳುವ ದಿಕ್ಕಿಗೆ ನೇರ ಹಿಂದಕ್ಕಲ್ಲ, 45 ಡಿಗ್ರಿ ಓರೆಯಾಗಿ ಹಿಂದಕ್ಕೆ, ಎರಡೂ ಬದಿಯಲ್ಲಿ ಕಲ್ಲು ಪೊದೆ ಬಳ್ಳಿಗಳನ್ನು ತೆಗೆದು ಓಡುವ ದಾರಿ ಮಾಡಿಕೊಳ್ಳಿ. ನೇರ ಹಿಂದೆ ಏಕೆ ಬೇಡವೆಂದರೆ, ಬೀಳುವಾಗ ಬುಡ ಕೆಲವೊಮ್ಮೆ ಅತ್ತಲೇ ನುಗ್ಗುತ್ತದೆ.

ಕಚ್ಚು, ಕೀಲು, ಹಿಂಬದಿಯ ಕೊಯ್ತ

ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಬದಿಯಿಂದ ಕೊಯ್ಯುತ್ತಾ ಹೋದರೆ ಮರ ಬೀಳುತ್ತದೆ ಎಂಬ ಎಣಿಕೆಯೇ ತಪ್ಪು. ಮರ ಎತ್ತ ಬೀಳಬೇಕು, ಎಷ್ಟು ನಿಧಾನವಾಗಿ ಬೀಳಬೇಕು ಎಂಬುದನ್ನು ತೀರ್ಮಾನಿಸುವುದು ನೀವು ಕೊಯ್ದ ಭಾಗವಲ್ಲ, ಕೊಯ್ಯದೆ ಉಳಿಸಿದ ಕೆಲವೇ ಸೆಂಟಿಮೀಟರ್ ಮರ. ಅದೇ ಕೀಲು. ಬಾಗಿಲನ್ನು ಅದರ ತಿರುಗಣೆ ಹಿಡಿದಿರುವಂತೆ, ಬೀಳುವ ಮರವನ್ನು ಈ ಕೀಲು ಹಿಡಿದು ದಾರಿ ತೋರಿಸುತ್ತದೆ.

ಮೊದಲು ಬೀಳಬೇಕಾದ ಬದಿಯಲ್ಲಿ ಎರಡು ಕೊಯ್ತಗಳಿಂದ ಬೆಣೆಯಾಕಾರದ ತುಂಡೊಂದನ್ನು ಬಿಡಿಸಿ ಕಚ್ಚು ತೆಗೆಯಬೇಕು. ಕಚ್ಚಿನ ಬಾಯಿ 70 ಡಿಗ್ರಿಯಷ್ಟು ಅಗಲವಾಗಿರಲಿ. 45 ಡಿಗ್ರಿಯ ಹಳೆಯ ಪದ್ಧತಿಯಲ್ಲಿ ಮರ ಅರ್ಧ ಬೀಳುವಷ್ಟರಲ್ಲೇ ಕಚ್ಚಿನ ಬಾಯಿ ಮುಚ್ಚಿ ಕೀಲು ಮುರಿಯುತ್ತದೆ, ಆಮೇಲೆ ಮರಕ್ಕೆ ಹಿಡಿತವಿರುವುದಿಲ್ಲ. ನಾನು ಯಾವಾಗಲೂ ಮೇಲಿನ ಓರೆ ಕೊಯ್ತವನ್ನೇ ಮೊದಲು ಮಾಡಲು ಹೇಳುತ್ತೇನೆ, ಏಕೆಂದರೆ ಕೆಳಗಿನ ಕೊಯ್ತ ಮಾಡುವಾಗ ಮೇಲಿನ ಸೀಳಿನೊಳಗೆ ಇಣುಕಿ ನೋಡಿದರೆ ಚೈನು ಎಲ್ಲಿಗೆ ಬಂತೆಂಬುದು ಕಾಣುತ್ತದೆ. ಕಚ್ಚಿನ ಆಳ ಕಾಂಡದ ದಪ್ಪದ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೆ ಸಾಕು. ಎರಡು ಕೊಯ್ತಗಳು ಒಂದೇ ಗೆರೆಯಲ್ಲಿ ಸೇರಬೇಕು, ಒಂದು ಇನ್ನೊಂದನ್ನು ದಾಟಿ ಒಳಗೆ ಹೋಗಬಾರದು. ಅರ್ಧ ಸೆಂಟಿಮೀಟರ್ ದಾಟಿದರೂ ಆ ಸಣ್ಣ ಸೀಳು ಮರ ಬಾಗಲು ಆರಂಭಿಸಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ಮೇಲಿನ ಬಾಯಿ ಎಷ್ಟೇ ತೆರೆದಿದ್ದರೂ ಕೀಲು ಅಲ್ಲಿಯೇ ಹರಿದುಹೋಗುತ್ತದೆ. ದಾಟಿದ್ದು ಕಂಡರೆ ಹಾಗೆಯೇ ಮುಂದುವರಿಯದೆ, ಇನ್ನೊಂದು ಕೊಯ್ತವನ್ನು ಸ್ವಲ್ಪ ಆಳಮಾಡಿ ಮೂಲೆಯನ್ನು ಶುಚಿಗೊಳಿಸಿ. ಕಚ್ಚಿನ ಒಳಮೂಲೆಯ ಗೆರೆಗೆ ಲಂಬವಾಗಿ ಒಂದು ಕೋಲನ್ನು ಇಟ್ಟು ನೋಡಿದರೆ ಅದು ತೋರಿಸುವ ಕಡೆಗೇ ಮರ ಬೀಳುತ್ತದೆ. ಅದು ಬೇಕಾದ ಕಡೆಗಿಲ್ಲದಿದ್ದರೆ ತಿದ್ದಲು ಇದೇ ಕೊನೆಯ ಅವಕಾಶ.

ಈಗ ಬ್ಯಾಟರಿಯನ್ನು ನೋಡಿ. ಹಿಂಬದಿಯ ಕೊಯ್ತ ಅರ್ಧವಾದಾಗ ಬ್ಯಾಟರಿ ಮುಗಿದರೆ, ಯಾವ ಕ್ಷಣ ಬೀಳುವುದೆಂದು ಹೇಳಲಾಗದ ಮರದ ಕೆಳಗೆ ನಿಂತು ನೀವು ಬ್ಯಾಟರಿ ಬದಲಿಸಬೇಕಾಗುತ್ತದೆ. ಅರ್ಧ ಚಾರ್ಜು ಉಳಿದಿದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಪೂರ್ತಿ ತುಂಬಿದ ಬ್ಯಾಟರಿ ಹಾಕಿಕೊಂಡೇ ಆರಂಭಿಸಿ. ಯಂತ್ರವನ್ನು ಒತ್ತಿ ದುಡಿಸಿದರೆ ಅದು ಬಿಸಿಯಾಗಿ ತಾನೇ ನಿಂತುಬಿಡುವುದೂ ಉಂಟು. ಚೈನು ತನ್ನ ಭಾರದಿಂದ ಇಳಿಯಲಿ, ನಿಮ್ಮ ತೋಳಿನ ಬಲದಿಂದಲ್ಲ.

ಹಿಂಬದಿಯ ಕೊಯ್ತ ಕಚ್ಚಿನ ಮೂಲೆಯ ಮಟ್ಟದಲ್ಲೇ, ನೆಲಕ್ಕೆ ಸಮಾನಾಂತರವಾಗಿ ಸಾಗಬೇಕು. 25 ಸೆಂಟಿಮೀಟರಿನ ಕಾಂಡದಲ್ಲಿ ಐದು ಸೆಂಟಿಮೀಟರ್ ಕಚ್ಚಿಗೆ ಹೋದರೆ, ಎರಡೂವರೆ ಸೆಂಟಿಮೀಟರ್ ಕೀಲಿಗೆ ಬಿಟ್ಟು ಉಳಿದ ಹದಿನೇಳೂವರೆಯನ್ನು ಹಿಂದಿನಿಂದ ಕೊಯ್ಯಬೇಕು. ಕೀಲಿನ ದಪ್ಪ ಕಾಂಡದ ಹತ್ತನೇ ಒಂದು ಭಾಗ, ಎರಡೂ ತುದಿಯಲ್ಲಿ ಒಂದೇ ಸಮ. ಎಲ್ಲಿ ನಿಲ್ಲಿಸಬೇಕೆಂಬುದನ್ನು ತೊಗಟೆಯ ಮೇಲೆ ಎರಡೂ ಬದಿಯಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ, ಏಕೆಂದರೆ ನಿಮಗೆ ಹತ್ತಿರದ ಬದಿ ಕಾಣುತ್ತದೆ, ಆಚೆಯ ಬದಿ ಕಾಣುವುದಿಲ್ಲ, ಮತ್ತು ಅರಿವಿಲ್ಲದೆ ಆಚೆಯ ತುದಿಯನ್ನು ಹೆಚ್ಚು ಕೊಯ್ದರೆ ಮರ ದಪ್ಪ ಉಳಿದ ಬದಿಗೆ ತಿರುಗಿಕೊಂಡು ಬೀಳುತ್ತದೆ. ಬಾರ್ ಸಾಕಷ್ಟು ಒಳಹೋದ ಕೂಡಲೇ ಅದರ ಬೆನ್ನ ಹಿಂದಿನ ಸೀಳಿಗೆ ಪ್ಲಾಸ್ಟಿಕ್ ಬೆಣೆಯೊಂದನ್ನು ಮೆಲ್ಲಗೆ ಬಡಿಯಿರಿ. ಬೆಣೆಯಿಲ್ಲದಿದ್ದರೆ ಮರ ಹಿಂದಕ್ಕೆ ಕೂತು ಬಾರನ್ನು ಕಚ್ಚಿಕೊಳ್ಳುತ್ತದೆ. ಕಬ್ಬಿಣದ ಬೆಣೆ ಬೇಡ. ಚೈನು ತಾಗಿದರೆ ಹಲ್ಲು ಮುರಿದು ಸಿಡಿಯುತ್ತದೆ. ಬೆಣೆಗೆ ಜಾಗವಿಲ್ಲದಷ್ಟು ತೆಳ್ಳಗಿನ ಮರವಾದರೆ, ಕೊಯ್ಯುವ ಮೊದಲೇ ಎತ್ತರದಲ್ಲಿ ಉದ್ದದ ಹಗ್ಗ ಕಟ್ಟಿ, ಅದನ್ನು ಎಳೆಯುವ ಜೊತೆಗಾರ ಮರ ತಲುಪದ ದೂರದಲ್ಲಿ ನಿಂತಿರಬೇಕು.

ಗುರುತು ಮುಟ್ಟಿದ ಕೂಡಲೇ ಕೊಯ್ಯುವುದನ್ನು ನಿಲ್ಲಿಸಿ. ಮರ ಇನ್ನೂ ನಿಂತಿದ್ದರೆ ಮತ್ತೆ ಸ್ವಲ್ಪ ಕೊಯ್ಯಬೇಕೆನ್ನಿಸುತ್ತದೆ, ಅದು ಖಂಡಿತ ಬೇಡ. ಯಂತ್ರವನ್ನು ಹೊರತೆಗೆದು, ಬ್ರೇಕ್ ಹಾಕಿ, ಬೆಣೆಯನ್ನು ಬಡಿದು ಮರವನ್ನು ಬಾಗಿಸಿ. ತುದಿ ಅಲುಗಿತೆಂದು ಕಂಡೊಡನೆ ಓಡುವ ದಾರಿಯಲ್ಲಿ ಐದಾರು ಮೀಟರ್ ಸರಿಯಬೇಕು, ಕಣ್ಣು ಮರದ ತಲೆಯ ಮೇಲಿರಬೇಕು. ಬಿದ್ದ ಮರ ಇನ್ನೊಂದು ಮರಕ್ಕೆ ಒರಗಿ ನಿಂತರೆ ಅದರ ಕೆಳಗೆ ಹೋಗಬೇಡಿ, ಆಸರೆಯಾದ ಮರವನ್ನೂ ಕೊಯ್ಯಬೇಡಿ. ಸುತ್ತ ಯಾರೂ ಬರದಂತೆ ಮಾಡಿ ಯಂತ್ರಸಾಮಗ್ರಿಯುಳ್ಳವರನ್ನು ಕರೆಸಿ.

ಬಿದ್ದ ಮೇಲೆ

ಕೊಂಬೆ ಸವರುವುದು ಸುಲಭ. ಕಾಂಡದ ಆಚೆ ಬದಿಯ ಕೊಂಬೆಗಳನ್ನು ಕೊಯ್ದರೆ ನಿಮಗೂ ಚೈನಿಗೂ ನಡುವೆ ಕಾಂಡವೇ ತಡೆಯಾಗುತ್ತದೆ. ಇಳಿಜಾರಿನಲ್ಲಿ ಮೇಲಿನ ಬದಿಗೆ ನಿಲ್ಲಿ. ದಿಮ್ಮಿ ಎರಡೂ ತುದಿಯಲ್ಲಿ ಆಸರೆಯ ಮೇಲಿದ್ದರೆ ಮೊದಲು ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸಿ. ಒಂದೇ ತುದಿಗೆ ಆಸರೆಯಿದ್ದರೆ ಇದನ್ನು ತಿರುವುಮುರುವು ಮಾಡಿ. ಬಿಲ್ಲಿನಂತೆ ಬಾಗಿ ಸಿಕ್ಕಿಕೊಂಡ ಎಳೆಯ ಕೊಂಬೆಯನ್ನು ಒಂದೇ ಏಟಿಗೆ ಕತ್ತರಿಸಬೇಡಿ. ಒಳಬದಿಯಿಂದ ಸ್ವಲ್ಪ ಸ್ವಲ್ಪವೇ ಕೆರೆದು ಅದರ ಬಿಗಿಯನ್ನು ಸಡಿಲಿಸಿ.

ಸೀಳಿನಿಂದ ಚಕ್ಕೆಗಳು ಬರುವ ಬದಲು ನುಣ್ಣನೆಯ ಹುಡಿ ಉದುರುತ್ತಿದ್ದರೆ ಚೈನು ಮೊಂಡಾಗಿದೆ ಎಂದರ್ಥ. ಮೊಂಡು ಚೈನು ಬ್ಯಾಟರಿಯನ್ನೂ ಬೇಗ ತಿನ್ನುತ್ತದೆ, ನಿಮ್ಮಿಂದ ಹೆಚ್ಚು ಒತ್ತಡವನ್ನೂ ಬೇಡುತ್ತದೆ. ಬ್ಯಾಟರಿ ಕಳಚಿ, ಚೈನಿಗೆ ತಕ್ಕ ದುಂಡು ಅರದಿಂದ ಪ್ರತಿ ಹಲ್ಲಿಗೂ ಒಂದೇ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ, ಸಮಾನ ಸಂಖ್ಯೆಯ ಎಳೆತ ಕೊಡಿ. ಬಿಸಿಯಾಗಿ ಹಿಗ್ಗಿದಾಗ ಬಿಗಿ ಮಾಡಿದ್ದ ಚೈನನ್ನು ಕೆಲಸ ಮುಗಿದ ಮೇಲೆ ಸಡಿಲಿಸಿಡಬೇಕು, ಇಲ್ಲವಾದರೆ ತಣಿದು ಕುಗ್ಗುವಾಗ ಅದು ಬಾರನ್ನೂ ಮೋಟಾರಿನ ದಂಡವನ್ನೂ ಎಳೆದು ಹಿಡಿಯುತ್ತದೆ. ಬ್ಯಾಟರಿಯನ್ನು ಯಂತ್ರದಲ್ಲೇ ಬಿಡದೆ ಬೇರೆ ಕಡೆ ಒಣ ಜಾಗದಲ್ಲಿಡಿ, ಬಿಸಿಯಿರುವಾಗ ಚಾರ್ಜಿಗೆ ಹಾಕಬೇಡಿ. ಬಾರ್‌ಗೆ ಕವಚ ತೊಡಿಸಿ ಮಕ್ಕಳ ಕೈಗೆ ಎಟುಕದಂತೆ ಇರಿಸಿ. ನಿಂತಲ್ಲೇ ಸ್ವಲ್ಪ ಎಣ್ಣೆ ಸೋರುವುದು ಈ ಯಂತ್ರಗಳ ಸ್ವಭಾವವಾದ್ದರಿಂದ ಕೆಳಗೊಂದು ಹಳೆಯ ರಟ್ಟು ಹಾಸಿ.