ಟಕ್ ಟಕ್ ಎನ್ನುವ ಕ್ರ್ಯಾಂಕ್: ಮಳೆಗೆ ಮುನ್ನವೇ ಬದಲಿಸಿ

ಗೇರ್ ಇಲ್ಲದ ಸೈಕಲ್ಲಿನಲ್ಲಿ ಕೆಡುವ ಭಾಗಗಳು ಕಡಿಮೆ. ಆದರೆ ಪೆಡಲ್ ತುಳಿಯುವಾಗ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ‘ಟಕ್’ ಎನ್ನತೊಡಗಿದರೆ ಮೊದಲ ಅನುಮಾನ ಕ್ರ್ಯಾಂಕಿನ ಮೇಲೆ, ಅಂದರೆ ಪೆಡಲ್‌ಗಳನ್ನು ಹೊತ್ತ ಎರಡು ತೋಳುಗಳ ಮೇಲೆ. ಬಹುತೇಕರು ಬೋಲ್ಟನ್ನು ಇನ್ನಷ್ಟು ಬಿಗಿದು ಸುಮ್ಮನಾಗುತ್ತಾರೆ. ಎರಡು ದಿನ ಸದ್ದು ಅಡಗುತ್ತದೆ, ಮತ್ತೆ ಶುರುವಾಗುತ್ತದೆ. ಸಡಿಲ ಕ್ರ್ಯಾಂಕಿನಲ್ಲಿ ತುಳಿದಷ್ಟೂ ಅದರ ಚೌಕ ತೂತಿನ ಮೂಲೆಗಳು ಸವೆಯುತ್ತವೆ. ಸವೆದ ತೂತಿಗೆ ಬಿಗಿಯುವುದು ಮದ್ದಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಮೇ ತಿಂಗಳು ಹೇಳಿ ಮಾಡಿಸಿದ್ದು. ಜೂನ್‌ನಲ್ಲಿ ಮಳೆ ಹಿಡಿದುಕೊಂಡ ಮೇಲೆ ಕೆಂಪು ಕೆಸರು ಎಲ್ಲ ಸಂದುಗಳಿಗೂ ಇಳಿಯುತ್ತದೆ, ಬೋಲ್ಟುಗಳು ತುಕ್ಕು ಹಿಡಿಯುತ್ತವೆ. ಆಮೇಲೆ ಕೈಹಾಕಿದರೆ ಒಂದು ಗಂಟೆಯ ಕೆಲಸ ಇಡೀ ಭಾನುವಾರವನ್ನು ನುಂಗಬಹುದು.

ದೋಷ ಎಲ್ಲಿದೆ?

ಹೊಸ ಸೆಟ್ ಕೊಳ್ಳುವ ಮೊದಲು ಎರಡೂ ಕ್ರ್ಯಾಂಕ್‌ಗಳನ್ನು ಹಿಡಿದು ಅಡ್ಡಡ್ಡ ಅಲುಗಿಸಿ. ಎರಡೂ ಒಟ್ಟಿಗೆ ಅಲುಗಿದರೆ ಕ್ರ್ಯಾಂಕ್ ನಿರಪರಾಧಿ. ಒಳಗಿನ ಬಿಬಿ ಆಕ್ಸಲ್‌ನ, ಅಂದರೆ ಎರಡೂ ಕ್ರ್ಯಾಂಕ್‌ಗಳನ್ನು ಜೋಡಿಸುವ ನಡು ಅಚ್ಚಿನ, ಕಪ್ಪು (ಗುಂಡುಗಳು ಕೂರುವ ಬಟ್ಟಲು) ಸಡಿಲವಾಗಿದೆ ಅಥವಾ ಬಾಲ್ಸ್ (ಆ ಗುಂಡುಗಳು) ಸವೆದಿವೆ. ಒಂದು ಮಾತ್ರ ಅಲುಗಿದರೆ ಆ ಕ್ರ್ಯಾಂಕಿನದೇ ತಪ್ಪು. ಯಾವುದೂ ಅಲುಗದೆ ಸದ್ದು ಬರುತ್ತಿದ್ದರೆ ಪೆಡಲನ್ನು ಪರೀಕ್ಷಿಸಿ. ಈ ಐದು ನಿಮಿಷದ ಪರೀಕ್ಷೆ ಮಾಡದೆ ದುಡ್ಡು ಕಳೆದುಕೊಳ್ಳುವವರೇ ಹೆಚ್ಚು.

ನಿಮ್ಮದು ಯಾವ ಬಗೆಯೆಂದೂ ತಿಳಿದಿರಬೇಕು. ಹಳೆಯ ಕರಿ ಸೈಕಲ್‌ಗಳಲ್ಲಿ ಕ್ರ್ಯಾಂಕನ್ನು ಆಕ್ಸಲ್‌ಗೆ ಹಿಡಿಸುವುದು ಅಡ್ಡಲಾಗಿ ತೂರಿದ ಕಾಟರ್ ಪಿನ್. ಈಚಿನವುಗಳಲ್ಲಿ ಚೌಕ ತುದಿಯ ಆಕ್ಸಲ್, ಅದರ ನಡುವೆ ಬೋಲ್ಟ್. ಮಕ್ಕಳ ಕೆಲವು ಸೈಕಲ್‌ಗಳಲ್ಲಿ ಎಡ, ಬಲ, ಆಕ್ಸಲ್ ಎಲ್ಲ ಸೇರಿ ಬಾಗಿಸಿದ ಒಂದೇ ಸರಳು. ಅದಕ್ಕೆ ಪೆಡಲ್ ಮರೆಯೂ (ತಿರುಪಿನ ಸುತ್ತುಗೆರೆ) ಬೇರೆ, ಅರ್ಧ ಇಂಚಿನದು. ಉಳಿದ ಸೈಕಲ್‌ಗಳಲ್ಲಿ ಅದು ಸಾಮಾನ್ಯವಾಗಿ 9/16 ಇಂಚು. ಇಲ್ಲಿ ವಿವರಿಸುವುದು ಮುಖ್ಯವಾಗಿ ಚೌಕ ತುದಿಯದನ್ನು.

ಎಷ್ಟು ಹಲ್ಲು?

ಅಂಗಡಿಯವರು ಕೊಟ್ಟದ್ದನ್ನು ತಂದು ಹಾಕಿಕೊಳ್ಳುವುದು ರೂಢಿ. ಆದರೆ ಬಲ ಕ್ರ್ಯಾಂಕಿನ ಜೊತೆಗಿರುವ ಚೈನ್‌ವೀಲನ್ನು, ಅಂದರೆ ಚೈನನ್ನು ಎಳೆಯುವ ಮುಂದಿನ ಹಲ್ಲುಚಕ್ರವನ್ನು, ಊರು ನೋಡಿ ಆರಿಸಬೇಕು. 26 ಇಂಚಿನ ಚಕ್ರ, ಹಿಂದೆ 18 ಹಲ್ಲಿನ ಫ್ರೀವೀಲ್ (ಹಿಂಚಕ್ರದ ಹಲ್ಲುಚಕ್ರ) ಇದ್ದರೆ, ಮುಂದೆ 44 ಹಲ್ಲಿದ್ದಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5 ಮೀಟರ್ ಸಾಗುತ್ತದೆ. 48 ಹಲ್ಲಿಗೆ ಐದೂವರೆ ಮೀಟರ್, 40 ಹಲ್ಲಿಗೆ ನಾಲ್ಕೂವರೆಗಿಂತ ಸ್ವಲ್ಪ ಹೆಚ್ಚು. ಶಿವಮೊಗ್ಗ ಪೇಟೆಯೊಳಗೆ, ಬಿ.ಎಚ್. ರಸ್ತೆ, ದುರ್ಗಿಗುಡಿ ಎಂದು ಓಡಾಡುವವರಿಗೆ 44 ಸಾಕು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಏರುಗಳಲ್ಲಿ ದಿನವೂ ತುಳಿಯುವವರು 40ಕ್ಕೆ ಇಳಿಯುವುದು ಮೊಣಕಾಲಿಗೆ ಕ್ಷೇಮ. ಚೈನ್‌ವೀಲ್ ಚೆನ್ನಾಗಿಯೇ ಇದ್ದು ಏರು ಮಾತ್ರ ಕಷ್ಟವಾಗುತ್ತಿದ್ದರೆ, ಕ್ರ್ಯಾಂಕ್ ಸೆಟ್ ಮುಟ್ಟಲೇಬೇಡಿ. ಹಿಂದೆ 20 ಹಲ್ಲಿನ ಫ್ರೀವೀಲ್ ಹಾಕಿಸಿ. ಫಲ ಹೆಚ್ಚುಕಡಿಮೆ ಅದೇ, ಖರ್ಚು ಕಡಿಮೆ.

ಕ್ರ್ಯಾಂಕಿನ ಉದ್ದ ಹಳೆಯದರಷ್ಟೇ ಇರಲಿ. ತೋಳಿನ ಹಿಂಬದಿಯಲ್ಲಿ 165 ಅಥವಾ 170 ಎಂದು ಅಚ್ಚಾಗಿರುವುದುಂಟು, ಅದು ಮಿಲಿಮೀಟರ್ ಲೆಕ್ಕ. ಹಳೆಯ ಸೆಟ್ಟನ್ನು ಬಿಚ್ಚಿ ಅಂಗಡಿಗೆ ಒಯ್ದರೆ ಇನ್ನೂ ಒಳ್ಳೆಯದು.

ಬಿಚ್ಚುವುದು

ಚೈನ್ ಕವರ್ ತೆಗೆದು, ಹಿಂಚಕ್ರದ ನಟ್ ಸಡಿಲಿಸಿ, ಚೈನನ್ನು ಚೈನ್‌ವೀಲಿನಿಂದ ಇಳಿಸಿ. ಪೆಡಲ್‌ಗಳನ್ನು ಈಗಲೇ ಬಿಚ್ಚಿಕೊಳ್ಳಿ, ಕ್ರ್ಯಾಂಕ್ ಕಳಚಿದ ಮೇಲೆ ಹಿಡಿತ ಸಿಗುವುದಿಲ್ಲ. ಬಲ ಪೆಡಲಿನದು ಮಾಮೂಲಿ ಮರೆ, ಎಡದ್ದು ಉಲ್ಟಾ. ಗೊಂದಲ ಬೇಡವೆಂದರೆ, ಸ್ಪ್ಯಾನರ್ ಹಿಡಿಯನ್ನು ಮೇಲ್ಮುಖವಾಗಿ ನಿಲ್ಲಿಸಿ ಹಿಂಚಕ್ರದ ಕಡೆಗೆ ತಳ್ಳಿ. ಯಾವ ಬದಿಯಾದರೂ ಸಡಿಲವಾಗುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ.

ಬಳಿಕ ಕ್ರ್ಯಾಂಕಿನ ನಡುವಿನ ಮುಚ್ಚಳ ತೆಗೆದು ಬೋಲ್ಟ್ ಬಿಚ್ಚಿ. ಇದಕ್ಕೆ 14ರ ಸಾಕೆಟ್ ಅಥವಾ 8ರ ಅಲೆನ್ ಕೀ ಬೇಕಾಗುತ್ತದೆ. ಎರಡೂ ಬದಿಯ ಬೋಲ್ಟ್ ಮಾಮೂಲಿ ದಿಕ್ಕಿನವೇ. ಬೋಲ್ಟ್ ಬಂದರೂ ಕ್ರ್ಯಾಂಕ್ ಬರುವುದಿಲ್ಲ, ಅದನ್ನು ಎಳೆಯಲು ಪುಲ್ಲರ್ ಬೇಕು. ಇಡೀ ಕೆಲಸದ ಸೂಕ್ಷ್ಮ ಇರುವುದು ಇಲ್ಲೇ. ಒಳಗೆ ವಾಷರ್ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ, ಉಳಿದಿದ್ದರೆ ಪುಲ್ಲರ್ ತಳ ಮುಟ್ಟುವುದಿಲ್ಲ. ಮರೆಯಲ್ಲಿನ ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಪುಲ್ಲರಿನ ಹೊರಭಾಗವನ್ನು ಮೊದಲು ಕೈಯಿಂದಲೇ ತಿರುಗಿಸುತ್ತ ಪೂರ್ತಿ ಒಳಗೆ ಕೂರಿಸಿ, ಆಮೇಲೆ ನಡುವಿನ ತಿರುಪನ್ನು ಸ್ಪ್ಯಾನರಿನಿಂದ ತಿರುಗಿಸಿ. ಎರಡೇ ಸುತ್ತು ಮರೆ ಹಿಡಿದಾಗ ಬಲ ಹಾಕಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಮರೆ ಕಿತ್ತುಬರುತ್ತದೆ, ಆಮೇಲೆ ಗರಗಸವೇ ಗತಿ. ಪುಲ್ಲರ್ ಇಲ್ಲವೆಂದು ಸುತ್ತಿಗೆಯಿಂದ ಬಡಿಯಬೇಡಿ. ಏಟು ತಿನ್ನುವುದು ಒಳಗಿನ ಬಾಲ್ಸ್ ಮತ್ತು ಕಪ್ಪು.

ಕಾಟರ್ ಪಿನ್ನಿಗೆ ಮಾತ್ರ ಸುತ್ತಿಗೆ ಅನಿವಾರ್ಯ. ನಟ್ಟನ್ನು ಪಿನ್ನಿನ ತುದಿಗೆ ಸಮನಾಗಿ ತಂದು, ಕ್ರ್ಯಾಂಕಿನ ಕೆಳಗೆ ನೆಲಕ್ಕೂರುವಂತೆ ಕಬ್ಬಿಣದ ಪೈಪಿನ ಆಸರೆ ಕೊಟ್ಟು ಒಂದು ನೇರ ಏಟು ಹಾಕಿ. ಹೊಸ ಪಿನ್‌ಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತೂರಿಸಬೇಕು, ಇಲ್ಲದಿದ್ದರೆ ಎರಡು ಕ್ರ್ಯಾಂಕ್‌ಗಳು ಒಂದೇ ಸಾಲಿಗೆ ಬರುವುದಿಲ್ಲ.

ಜೋಡಿಸುವುದು

ಹೊಸ ಕ್ರ್ಯಾಂಕ್ ಏರಿಸುವ ಮೊದಲು ಆಕ್ಸಲನ್ನು ಕೈಯಿಂದ ತಿರುಗಿಸಿ. ಕರಕರ ಎಂದರೆ ಬಾಲ್ಸ್, ಗ್ರೀಸ್ ಈಗಲೇ ಬದಲಿಸಿ. ಚೌಕ ತುದಿಗೆ ಗ್ರೀಸ್ ಹಚ್ಚಬೇಕೇ ಬೇಡವೇ ಎಂಬುದು ಮೆಕ್ಯಾನಿಕ್‌ಗಳ ಮುಗಿಯದ ಜಗಳ. ನಾನು ಬೇಡ ಎನ್ನುವವರ ಪಕ್ಷ. ಬಟ್ಟೆಯಿಂದ ಒರೆಸಿ, ಬೋಲ್ಟಿನ ಮರೆಗೆ ಮಾತ್ರ ಗ್ರೀಸ್ ಸವರಿ. ಬಲಗಡೆಗೆ ಚೈನ್‌ವೀಲ್ ಇರುವ ತೋಳು, ಎಡತೋಳು ಅದಕ್ಕೆ ನೇರ ಎದುರು ದಿಕ್ಕಿಗೆ. ಬೋಲ್ಟಿಗೆ 35ರಿಂದ 40 ನ್ಯೂಟನ್ ಮೀಟರ್ ಬಿಗಿ ಬೇಕು. ಅಳೆಯುವ ಉಪಕರಣವಿಲ್ಲದಿದ್ದರೆ, 20 ಸೆಂ.ಮೀ. ಹಿಡಿಯ ತುದಿಯಲ್ಲಿ ಸುಮಾರು 20 ಕಿಲೋ ಭಾರ ಹಾಕಿದಷ್ಟು ಬಿಗಿ ಎಂದುಕೊಳ್ಳಿ.

ಸೈಕಲ್ಲಿನ ಹಿಂದೆ ಕುಳಿತು ನೋಡಿದರೆ ಚೈನ್‌ವೀಲ್ ಮತ್ತು ಫ್ರೀವೀಲ್ ಒಂದೇ ಗೆರೆಯಲ್ಲಿರಬೇಕು. ಚೈನ್‌ವೀಲ್ ಫ್ರೇಮಿಗೆ ಉಜ್ಜುತ್ತಿದ್ದರೆ ಆ ಕ್ರ್ಯಾಂಕಿಗೆ ಇನ್ನೂ ಉದ್ದದ ಆಕ್ಸಲ್ ಬೇಕು.

44ರಿಂದ 40 ಹಲ್ಲಿಗೆ ಇಳಿದಿದ್ದರೆ ಚೈನು ಸಡಿಲವಾಗುತ್ತದೆ. ಹಿಂಚಕ್ರವನ್ನು ಅರ್ಧ ಇಂಚಿನಷ್ಟು ಹಿಂದಕ್ಕೆ ಎಳೆಯಿರಿ. ಜಾಗವಿಲ್ಲದಿದ್ದರೆ ಚೈನಿನಲ್ಲಿ ಒಂದು ಇಂಚು, ಅಂದರೆ ಒಂದು ಜೋಡಿ ಕೊಂಡಿ ತೆಗೆಸಿ. ಹಳೆಯ ಚೈನಿನ 24 ಕೊಂಡಿಗಳು ಸರಿಯಾಗಿ 12 ಇಂಚು ಇರಬೇಕು. 1/16 ಇಂಚು ಹೆಚ್ಚಿದ್ದರೂ ಚೈನನ್ನೂ ಬದಲಿಸಿ, ಸವೆದ ಚೈನು ಹೊಸ ಹಲ್ಲುಗಳನ್ನು ಬೇಗ ತಿನ್ನುತ್ತದೆ. ಪೆಡಲ್ ತಿರುಗಿಸುತ್ತ ಚೈನು ಅತಿ ಬಿಗಿಯಾಗುವ ಜಾಗ ಹುಡುಕಿ. ಅಲ್ಲಿ ನಡುಭಾಗ ಮೇಲೆ ಕೆಳಗೆ ಒಂದು ಸೆಂ.ಮೀ.ನಷ್ಟು ಆಡಬೇಕು.

ಮೊದಲ ದಿನ ಮನೆಯ ಆಸುಪಾಸಿನಲ್ಲೇ ಓಡಿಸಿ, ಬೋಲ್ಟನ್ನು ಮತ್ತೊಮ್ಮೆ ಬಿಗಿ ಮಾಡಿ. ಸ್ವಲ್ಪ ತಿರುಗುವುದು ಸಹಜ, ಕ್ರ್ಯಾಂಕ್ ಚೌಕದ ಮೇಲೆ ಕೂರುತ್ತಿದೆ ಎಂದರ್ಥ. ವಾರದ ನಂತರವೂ ಬಿಗಿಯುವಾಗ ಬೋಲ್ಟ್ ತಿರುಗುತ್ತಲೇ ಇದ್ದರೆ ತೂತು ಆಕ್ಸಲಿಗೆ ಹೊಂದುತ್ತಿಲ್ಲ. ತುಳಿಯುವುದನ್ನು ನಿಲ್ಲಿಸಿ, ಬಿಲ್ಲು ಸಮೇತ ಅಂಗಡಿಗೆ ಹೋಗಿ.