ಆಷಾಢದಲ್ಲಿ ತಂದ ಕಂಪ್ಯೂಟರ್, ಕೈಕೊಟ್ಟ ರ‍್ಯಾಮ್

ನಾನು ಹಾಸನದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವವನು. 12 ಇಂಚು 36 ಇಂಚಿನ ಶೀಟು, 300 ಡಿಪಿಐ (ಇಂಚಿಗೆ 300 ಚುಕ್ಕಿ). ಲೆಕ್ಕ ಹಾಕಿದರೆ ಒಂದು ಶೀಟಿಗೆ 10,800 ಪಿಕ್ಸೆಲ್ ಅಗಲ, 3,600 ಎತ್ತರ. ಫೋಟೊಶಾಪ್‌ನಲ್ಲಿ ಒಂದೇ ಲೇಯರ್ ನೂರು ಎಂಬಿ ದಾಟುತ್ತದೆ. ಹದಿನೈದು ಲೇಯರ್ ಇಟ್ಟುಕೊಂಡು ಪಕ್ಕದಲ್ಲಿ ಇನ್ನೆರಡು ಶೀಟು ತೆರೆದರೆ ನನ್ನ ಹಳೆಯ 8 ಜಿಬಿ ಕಂಪ್ಯೂಟರಿಗೆ ಏದುಸಿರು ಬರುತ್ತಿತ್ತು.

ಆಷಾಢದಲ್ಲಿ ಮದುವೆ ಇರೋದಿಲ್ಲ, ಕೈಯಲ್ಲಿ ಹಳೆ ಆರ್ಡರ್ ಮಾತ್ರ. ಹೊಸದು ಜೋಡಿಸೋಕೆ ಇದೇ ಸರಿ ಅಂದುಕೊಂಡೆ. "ಆಷಾಢದಲ್ಲಿ ಯಾರಾದ್ರೂ ಹೊಸ ಸಾಮಾನು ತರ್ತಾರೇನೋ" ಅಂದರು ಅಮ್ಮ. ಕೇಳುವವರು ಯಾರು? ಬೆಳಗಿನ ಬಸ್ಸು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ರೈಜೆನ್ 5 7600 ಪ್ರೊಸೆಸರ್, ಅದಕ್ಕೆ ಹೊಂದುವ ಒಂದು ಎಎಂ5 ಮದರ್‌ಬೋರ್ಡು, ಎಸ್‌ಎಸ್‌ಡಿ, ಪವರ್ ಸಪ್ಲೈ, ಎಲ್ಲ ಒಂದೇ ಕಡೆ ಸಿಕ್ಕಿತು. ರ‍್ಯಾಮ್ (ಕೆಲಸ ಮಾಡುವಾಗ ಫೈಲ್‌ಗಳು ಕೂರುವ ತಾತ್ಕಾಲಿಕ ಮೆಮೊರಿ) 64 ಜಿಬಿ ಬೇಕಿತ್ತು. ತಲಾ 16 ಜಿಬಿಯ ಎರಡು ಸ್ಟಿಕ್ಕಿನ ಜೋಡಿ ಅಂಗಡಿಯಲ್ಲಿ ಒಂದೇ ಇತ್ತು, ಇನ್ನೊಂದನ್ನು ಹುಡುಗನೊಬ್ಬ ಪಕ್ಕದ ಅಂಗಡಿಯಿಂದ ತಂದುಕೊಟ್ಟ. ಡಬ್ಬಿ ಒಂದೇ, ಮಾಡೆಲ್ ನಂಬರ್ ಒಂದೇ, ಎರಡರ ಮೇಲೂ ಡಿಡಿಆರ್5 6000 (ಮೆಮೊರಿಯ ಬಗೆ ಮತ್ತು ವೇಗ) ಅಂತ ದಪ್ಪ ಅಕ್ಷರ. ನಾಲ್ಕು ಸ್ಲಾಟಿಗೆ ನಾಲ್ಕು ಸ್ಟಿಕ್, ಇನ್ನೇನು ಬೇಕು ಅಂತ ಖುಷಿಯಾಗಿ ವಾಪಸ್ ಬಂದೆ.

ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಬೋರ್ಡಿನ ಮೂಲೆಯಲ್ಲಿ ಡ್ರ್ಯಾಮ್ ಅಂತ ಬರೆದ ಜಾಗದಲ್ಲಿ ಹಳದಿ ದೀಪ. ಒಂದು ನಿಮಿಷ ನೋಡಿದೆ, ಆಫ್ ಮಾಡಿದೆ. ಮತ್ತೆ ಆನ್, ಮತ್ತೆ ಆಫ್. ಹೀಗೆ ಮೂರು ಸಲ. ಕೊನೆಗೆ ಅಕ್ಕನ ಮಗನಿಗೆ ಫೋನ್ ಮಾಡಿದೆ, ಅವನು ಇಂಜಿನಿಯರಿಂಗ್ ಓದ್ತಾ ಇದ್ದಾನೆ.

"ಮಾವ, ಆಫ್ ಮಾಡ್ಬೇಡಿ. ಅದು ರ‍್ಯಾಮ್ ಟ್ರೈನಿಂಗ್ ಮಾಡ್ಕೊಳ್ತಾ ಇದೆ. ಸುಮ್ನೆ ಬಿಟ್ಬಿಡಿ, ಊಟ ಮಾಡ್ಕೊಂಡು ಬನ್ನಿ."

ಡಿಡಿಆರ್5ರಲ್ಲಿ ಮೊದಲ ಸಲ ಆನ್ ಮಾಡಿದಾಗ ಬೋರ್ಡು ಪ್ರತಿ ಸ್ಟಿಕ್ಕಿನ ಜೊತೆ ಯಾವ ಟೈಮಿಂಗ್‌ನಲ್ಲಿ ಮಾತಾಡಬೇಕು ಅಂತ ಪ್ರಯೋಗ ಮಾಡಿ ನೋಡುತ್ತದೆ. ಸ್ಟಿಕ್ ಜಾಸ್ತಿ ಇದ್ದಷ್ಟೂ ಹೊತ್ತು ಹಿಡಿಯುತ್ತದೆ. ಹಳೆಯ ಕಂಪ್ಯೂಟರಿನ ಅಭ್ಯಾಸದವರಿಗೆ ಇದು ಕೆಟ್ಟುಹೋದ ಹಾಗೇ ಕಾಣುತ್ತೆ. ಊಟ ಮುಗಿಸಿ ಬರುವಷ್ಟರಲ್ಲಿ ಪರದೆ ಬಂದಿತ್ತು. ಆದರೆ 64ರ ಬದಲು 48 ಜಿಬಿ ತೋರಿಸಿತು. ನನ್ನ ಬೋರ್ಡಿನ ಸ್ಲಾಟಿಗೆ ಒಂದು ಕಡೆ ಮಾತ್ರ ಕ್ಲಿಪ್ಪು, ಕ್ಲಿಪ್ ಇಲ್ಲದ ಕಡೆ ಒಂದು ಸ್ಟಿಕ್ ಕೂದಲೆಳೆಯಷ್ಟು ಎದ್ದಿತ್ತು. ಪವರ್ ತೆಗೆದು ಹೆಬ್ಬೆರಳಲ್ಲಿ ಒತ್ತಿದೆ, ಟಕ್ ಅಂತು. ಈಗ 64 ಬಂತು.

ಇಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಟಾಸ್ಕ್ ಮ್ಯಾನೇಜರ್ ನೋಡಿದರೆ ವೇಗ 3600. ದುಡ್ಡು ಕೊಟ್ಟಿದ್ದು 6000ಕ್ಕೆ ಅಲ್ವಾ? ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ಹೋಗಿ ಎಕ್ಸ್‌ಪೋ ಅನ್ನೋ ಪ್ರೊಫೈಲ್ ಆನ್ ಮಾಡಿದೆ (ಇಂಟೆಲ್ ಬೋರ್ಡುಗಳಲ್ಲಿ ಎಕ್ಸ್‌ಎಂಪಿ ಅಂತಾರೆ). ಡಬ್ಬಿ ಮೇಲಿನ ವೇಗ ತಾನಾಗೇ ಬರೋದಿಲ್ಲ, ಇದನ್ನು ಆನ್ ಮಾಡಿದರೆ ಮಾತ್ರ ಬರುತ್ತದೆ. ರ‍್ಯಾಮ್ ವೋಲ್ಟೇಜ್ 1.1ರಿಂದ 1.35ಕ್ಕೆ ಏರಿತು, ತುಂಬಾ ಹೊತ್ತು ಟ್ರೈನಿಂಗ್ ಆಯ್ತು, ವಿಂಡೋಸ್ ಬಂತು, 6000 ಅಂತ ತೋರಿಸಿತು. ಸಿಪಿಯು-ಝಡ್ ಅನ್ನೋ, ಕಂಪ್ಯೂಟರಿನ ವಿವರ ತೋರಿಸುವ ತಂತ್ರಾಂಶ ತೆರೆದರೆ 3000 ಅಂತಿತ್ತು, ಒಂದು ಕ್ಷಣ ಎದೆ ಧಸಕ್ ಅಂತು. ಅದೇನೂ ತಪ್ಪಲ್ಲ. ಡಿಡಿಆರ್ ಅಂದರೆ ಕ್ಲಾಕಿನ ಒಂದು ಬಡಿತಕ್ಕೆ ಎರಡು ಸಲ ಡೇಟಾ, ಹಾಗಾಗಿ ಅಲ್ಲಿ ಕಾಣೋದು ಅರ್ಧ.

ಮೂರು ದಿನ ಎಲ್ಲ ಸರಿ ಇತ್ತು. ನಾಲ್ಕನೇ ದಿನ ಬ್ರೌಸರ್ ಟ್ಯಾಬ್‌ಗಳು ತಾವಾಗೇ ಮುಚ್ಚಿಕೊಳ್ಳೋಕೆ ಶುರು. ಸಂಜೆ ನೀಲಿ ಪರದೆ, ಮೆಮೊರಿ ಮ್ಯಾನೇಜ್‌ಮೆಂಟ್ ಅಂತ. ಕ್ಲೈಂಟ್ ಕಳಿಸಿದ ಜಿಪ್ ಫೈಲ್ ಬಿಚ್ಚಿದರೆ ಸಿಆರ್‌ಸಿ ಎರರ್, ಅಂದರೆ ಫೈಲ್ ಕೆಟ್ಟಿದೆ ಅಂತ. ಅದೇ ಫೈಲನ್ನು ಮತ್ತೆ ಬಿಚ್ಚಿದರೆ ಸಲೀಸಾಗಿ ಬಿಚ್ಚಿಕೊಂಡಿತು. ಒಂದೇ ಫೈಲ್ ಒಮ್ಮೆ ಕೆಟ್ಟದ್ದು ಒಮ್ಮೆ ಒಳ್ಳೆಯದು ಆಗೋದು ಹೇಗೆ? ನನಗೆ ಆಗಲೇ ಹೊಳೆಯಬೇಕಿತ್ತು.

ಹೊಳೆದಿದ್ದು ಫೋಟೊ ನೋಡಿದಾಗ. ಜ್ಯೇಷ್ಠದ ಒಂದು ಮದುವೆಯ ಕ್ಯಾಮೆರಾ ಮೆಮೊರಿ ಕಾರ್ಡು ಹಿಂದಿನ ದಿನ ಕಾಪಿ ಮಾಡಿದ್ದೆ. ಮಾಂಗಲ್ಯಧಾರಣೆಯ ಫೋಟೊ ತೆರೆದರೆ ಮೇಲರ್ಧ ಚೆನ್ನಾಗಿದೆ, ಹುಡುಗನ ಕೈ ತಾಳಿಯವರೆಗೆ ಬಂದಲ್ಲಿಂದ ಕೆಳಕ್ಕೆ ಎಲ್ಲ ಗುಲಾಬಿ ಬಣ್ಣ. ಸೀರೆ, ಅಕ್ಷತೆ, ಹೋಮದ ಹೊಗೆ ಎಲ್ಲ ಗುಲಾಬಿ. ಕಾರ್ಡಿನಿಂದ ಡಿಸ್ಕಿಗೆ ಹೋಗುವ ದಾರಿಯಲ್ಲಿ ಫೈಲ್ ರ‍್ಯಾಮ್‌ನಲ್ಲಿ ಕೂತು ಹೋಗುತ್ತೆ, ಅಲ್ಲಿ ಒಂದೇ ಒಂದು ಬಿಟ್ ತಿರುಗಿದರೂ ಜೆಪೆಗ್‌ನ ಮುಂದಿನ ಭಾಗವೆಲ್ಲ ಹಾಳು. ಪುಣ್ಯಕ್ಕೆ ಕಾರ್ಡ್ ಫಾರ್ಮ್ಯಾಟ್ ಮಾಡಿರಲಿಲ್ಲ. ಮಾಡಿದ್ದರೆ ಆ ಮನೆಯವರಿಗೆ ಏನಂತ ಹೇಳಬೇಕಿತ್ತು, ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತೆ.

ವಿಂಡೋಸ್‌ನೊಳಗಿನ ಮೆಮೊರಿ ಪರೀಕ್ಷೆ ಓಡಿಸಿದೆ. ಏನೂ ತೊಂದರೆ ಇಲ್ಲ ಅಂತು! ನಂಬಬೇಡಿ, ಅದು ಮೇಲೆ ಮೇಲೆ ನೋಡುತ್ತೆ ಅಷ್ಟೆ. ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಕೆಂಪು ಸಾಲುಗಳು.

ಯಾವುದೋ ಒಂದು ಸ್ಟಿಕ್ ಕೆಟ್ಟಿದೆ ಅಂದುಕೊಂಡು ಒಂದೊಂದನ್ನೇ ಹಾಕಿ ಪರೀಕ್ಷೆ ಮಾಡಿದೆ. ಎರಡು ದಿನ ಹಿಡಿಯಿತು. ನಾಲ್ಕೂ ಪಾಸ್. ಮೊದಲ ಅಂಗಡಿಯ ಜೋಡಿ ಹಾಕಿದೆ, 6000ದಲ್ಲೇ ಪಾಸ್. ಎರಡನೇ ಜೋಡಿಯೂ ಪಾಸ್. ನಾಲ್ಕನ್ನೂ ಒಟ್ಟಿಗೆ ಹಾಕಿದರೆ ಫೇಲ್. ಒಬ್ಬೊಬ್ಬರೇ ಇದ್ದಾಗ ಬಂಗಾರ, ಒಟ್ಟಿಗೆ ಸೇರಿದರೆ ಜಗಳ ಆಡೋ ಅಣ್ಣತಮ್ಮಂದಿರ ಕಥೆ.

ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು: ಈ ಪ್ರೊಸೆಸರಿಗೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕು ಸ್ಟಿಕ್ಕಿಗೆ ಬರೀ 3600. ಬೋರ್ಡು ತಾನಾಗಿ 3600ಕ್ಕೆ ನಿಂತಿದ್ದು ಕೆಟ್ಟಿದ್ದರಿಂದ ಅಲ್ಲ, ಬುದ್ಧಿಯಿಂದ. ಅದರ ಮಾತು ಕೇಳದೆ ಹೋದವನು ನಾನು. ಒಂದೇ ತಂತಿ ಸಾಲಿನ ಮೇಲೆ ಎರಡೆರಡು ಸ್ಟಿಕ್ ಕೂತರೆ ಸಿಗ್ನಲ್ ಮಸುಕಾಗುತ್ತೆ, ವೇಗ ಜಾಸ್ತಿಯಾದಷ್ಟೂ ತಪ್ಪು ಓದುತ್ತೆ. ಎರಡೇ ಸ್ಟಿಕ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ ಅನ್ನೋದೂ ಇದಕ್ಕೇ, ಖಾಲಿ ಸ್ಲಾಟು ತಂತಿಯ ಕೊನೆಯಲ್ಲಿ ಉಳಿಯಬಾರದು. ಇನ್ನು "ಡಿಡಿಆರ್5ರಲ್ಲಿ ಇಸಿಸಿ ಇದೆ, ತಪ್ಪೇ ಆಗಲ್ಲ" ಅಂತ ಹೇಳುವವರಿದ್ದಾರೆ. ಇಸಿಸಿ ಅಂದರೆ ತಪ್ಪು ತಿದ್ದುವ ವ್ಯವಸ್ಥೆ, ಆದರೆ ಅದು ಮೆಮೊರಿ ಚಿಪ್ಪಿನ ಒಳಗಿನ ತಪ್ಪು ಮಾತ್ರ ತಿದ್ದುತ್ತೆ. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆಗುವ ತಪ್ಪಿಗೆ ಅದರಿಂದ ಏನೂ ಉಪಯೋಗ ಇಲ್ಲ, ನನಗೆ ಆಗುತ್ತಿದ್ದದ್ದು ದಾರಿಯಲ್ಲೇ.

ಕೊನೆಯ ಆಸೆ ಅಂತ ಬಯಾಸ್ ಅಪ್‌ಡೇಟ್ ಮಾಡಿದೆ. ಈ ಬೋರ್ಡುಗಳಿಗೆ ಅದು ಹೇಗೂ ಬೇಕು, ಪ್ರೊಸೆಸರಿನ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರಿನೊಳಗೆ ಮೆಮೊರಿ ನೋಡಿಕೊಳ್ಳುವ ಭಾಗದ್ದು) 1.3 ದಾಟದ ಹಾಗೆ ಮಿತಿ ಹಾಕಿದ್ದು 2023ರಲ್ಲಿ ಬಂದ ಬಯಾಸ್‌ಗಳಲ್ಲಿ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ಇದ್ದಿದ್ದರಿಂದ ಬೋರ್ಡಿಗೆ ಕಾಣಲೇ ಇಲ್ಲ, ಫ್ಯಾಟ್32 ಮಾಡಿದ ಮೇಲೆ ಕಂಡಿತು. ನಮ್ಮಲ್ಲಿ ಸಂಜೆ ಕರೆಂಟು ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಅದಕ್ಕೆ ಬೆಳಿಗ್ಗೆ ಐದಕ್ಕೆ ಎದ್ದು ಯುಪಿಎಸ್ ಹಾಕಿಕೊಂಡು ಮಾಡಿದೆ. ಆ ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂತಿದ್ದೆ. ತಪ್ಪು ಕಮ್ಮಿ ಆಯ್ತು, ನಿಲ್ಲಲಿಲ್ಲ. ಆಲ್ಬಂ ಕೆಲಸಕ್ಕೆ "ಕಮ್ಮಿ" ಸಾಲದು.

3600ದಲ್ಲಿ ನಾಲ್ಕೂ ಸ್ಟಿಕ್ ಇಟ್ಟುಕೊಂಡರೆ ಮೆಮ್‌ಟೆಸ್ಟ್ ಪೂರ್ತಿ ಪಾಸ್. ನಿಜ ಹೇಳಬೇಕೆಂದರೆ ಫೋಟೊಶಾಪ್‌ನಲ್ಲಿ ವ್ಯತ್ಯಾಸ ಅಷ್ಟೇನೂ ಗೊತ್ತಾಗುತ್ತಿರಲಿಲ್ಲ, ಹಾಗೇ ಇರಬಹುದಿತ್ತು. ಆದರೂ ಬಿಲ್ ಹಿಡಿದು ಅಂಗಡಿಗೆ ಹೋದೆ. "ಸಾರ್, ಎರಡೂ ಸೇಮ್ ಮಾಡೆಲ್ಲು, ಪೀಸ್ ಎಲ್ಲ ಓಕೆ ಇದೆ" ಅಂತ ಗೊಣಗಿದರು. ಅವರದ್ದೂ ತಪ್ಪಿಲ್ಲ, ಪೀಸು ಓಕೆನೇ ಇದ್ದವು. ಕೊನೆಗೆ ವ್ಯತ್ಯಾಸದ ದುಡ್ಡು ತಗೊಂಡು 32 ಜಿಬಿಯ ಎರಡು ಸ್ಟಿಕ್ಕಿನ ಒಂದೇ ಡಬ್ಬಿ ಕೊಟ್ಟರು.

ಅದನ್ನು ಹಾಕಿ ಎಕ್ಸ್‌ಪೋ ಆನ್ ಮಾಡಿ ಮೆಮ್‌ಟೆಸ್ಟ್‌ಗೆ ಬಿಟ್ಟೆ. ಪರೀಕ್ಷೆಯ ನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ಮಾರನೆ ದಿನ ಮಧ್ಯಾಹ್ನ, ಒಂದೂ ಕೆಂಪು ಸಾಲು ಇಲ್ಲ. ಮದುವೆಯ ಕಾರ್ಡನ್ನು ಮೊದಲಿಂದ ಮತ್ತೆ ಕಾಪಿ ಮಾಡಿದೆ. ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಅಂತ ಒಂದು ಆಪ್ಶನ್ ಇದೆ, ಆನ್ ಮಾಡಿದರೆ ಪ್ರತಿ ಸಲ ಟ್ರೈನಿಂಗ್ ಇಲ್ಲದೆ ಬೇಗ ಬೂಟ್ ಆಗುತ್ತೆ. ನಾನು ಆಫ್ ಮಾಡಿಯೇ ಇಟ್ಟಿದ್ದೇನೆ. ಬೆಳಿಗ್ಗೆ ಸ್ವಿಚ್ ಒತ್ತಿ ಅಡುಗೆಮನೆಗೆ ಹೋಗಿ ಕಾಫಿ ತಗೊಂಡು ಬರುವಷ್ಟರಲ್ಲಿ ಪರದೆ ಬಂದಿರುತ್ತೆ.